ಮೇಣ ಹಚ್ಚಿದ ದಾರ

ಅಂಗಡಿಯ ಹಿಂದಿನ ಕೋಣೆ,
ಹದಿನಾಲ್ಕನೇ ತಾರೀಖು, ಮಂಗಳವಾರ

ಪ್ರೀತಿಯ ಯಜಮಾನರಿಗೆ,

'ಪ್ರೀತಿಯ' ಎಂದು ಕೈ ತಾನಾಗಿ ಬರೆಯಿತು. ಹೊಡೆದು ಹಾಕೋಣ ಎಂದುಕೊಂಡೆ, ಆದರೆ ಮೊದಲ ಸಾಲಿನಲ್ಲೇ ಗೀಚು ಬಿದ್ದ ಕಾಗದ ನೋಡಲು ಚೆನ್ನಾಗಿರುವುದಿಲ್ಲ, ಇರಲಿ ಬಿಡಿ. ಹೇಗಿದ್ದೀರಿ? ನಿದ್ದೆ ಬರುತ್ತಿದೆಯೇ? ಕೂರಲು ಆಗುತ್ತಿದೆಯೇ? ನಿಮ್ಮ ಅಕ್ಕನ ಮನೆಯ ಮರದ ಕುರ್ಚಿಗಳನ್ನು ನಾನೂ ಬಲ್ಲೆ, ಗಟ್ಟಿಮುಟ್ಟಾದವರೇ ಅವುಗಳ ಮೇಲೆ ಹತ್ತು ನಿಮಿಷ ಕೂತರೆ ಒದ್ದಾಡಬೇಕು. ನಿಮ್ಮ ಗಾಳಿ ತುಂಬುವ ರಬ್ಬರ್ ಉಂಗುರ ಇಲ್ಲೇ ಮೆಷಿನ್ನಿನ ಸ್ಟೂಲಿನ ಮೇಲಿದೆ. ಓಡಿಹೋಗುವವರು ಅದನ್ನಾದರೂ ಜೊತೆಗೆ ಒಯ್ಯಬಾರದಿತ್ತೇ? ಮಾತ್ರೆಗಳೂ ಇಲ್ಲೇ ಇವೆ. ನೋವಿಗೆ ಏನು ನುಂಗುತ್ತಿದ್ದೀರೋ ದೇವರೇ ಬಲ್ಲ.

ನಿಮ್ಮ ಫೋನು ಬಾಯಿ ಮುಚ್ಚಿಕೊಂಡಿದೆ. ಅಕ್ಕನಿಗೆ ಮಾಡಿದರೆ, "ಈಗಷ್ಟೇ ಮಲಗಿದಾನೆ ಕಣಮ್ಮ" ಎನ್ನುತ್ತಾರೆ. ಬೆಳಿಗ್ಗೆ ಮಾಡಿದರೂ ಈಗಷ್ಟೇ ಮಲಗಿದ್ದೀರಿ, ಸಂಜೆ ಮಾಡಿದರೂ ಈಗಷ್ಟೇ ಮಲಗಿದ್ದೀರಿ. ನಿನ್ನೆ ಅವರು ಇನ್ನೊಂದು ಮಾತು ಸೇರಿಸಿದರು: "ಅಂಥದಕ್ಕೆಲ್ಲ ಕತ್ತಿ ಹಾಕಿದ್ರೆ ಇನ್ನಷ್ಟು ಹರಡುತ್ತಂತೆ, ನಮ್ಮ ಪಕ್ಕದ ಮನೆಯವರು ಹೇಳಿದ್ರು." ಅಕ್ಕ ನೂರು ವರ್ಷ ಬಾಳಲಿ, ಆ ಪಕ್ಕದ ಮನೆಯವರ ಬಾಯಿಗೆ ಮಾತ್ರ ಬೆಂಕಿ ಬೀಳಲಿ. ಹೀಗೆಂದು ಅಕ್ಕನಿಗೆ ಹೇಳಬೇಡಿ. ಈ ಪತ್ರವನ್ನು ಅವರಿಗೆ ಓದಲು ಕೊಡಲೂ ಬೇಡಿ. ಫೋನಿನಲ್ಲಿ ಆಗದ ಮಾತನ್ನು ಕಾಗದದ ಮೇಲೆ ಹಾಕಿ ಮಗಳ ಕೈಯಲ್ಲಿ ಕಳಿಸುತ್ತಿದ್ದೇನೆ. ಅವಳು ಬ್ಯಾಂಕಿನಲ್ಲಿ ರಜೆ ಹೇಳಿ ಬಂದು ಸಂಜೆಯ ಬಸ್ಸಿಗೆ ಹೊರಡುತ್ತಾಳೆ. ಲಕೋಟೆಗೆ ಅಂಟು ಹಾಕಿರುತ್ತೇನೆ, ಇದರಲ್ಲಿ ಅವಳು ಓದಬಾರದ್ದೂ ಇದೆ.

ಅಂಗಡಿ ನಡೆಯುತ್ತಿದೆ, ನಡೆಯುವಷ್ಟು. ಗಿರಾಕಿಗಳಿಗೆ ನೀವು ಬಟ್ಟೆ ಆರಿಸಲು ಸಗಟು ಮಾರುಕಟ್ಟೆಗೆ ಹೋಗಿದ್ದೀರಿ ಎಂದಿದ್ದೇನೆ. ಒಂದು ವಾರ ಕಳೆದರೂ ಬಟ್ಟೆ ಆರಿಸುತ್ತಲೇ ಇರುವ ಟೇಲರ್ ಎಲ್ಲಿದ್ದಾನೆ ಎಂದು ಯಾರೂ ಕೇಳಿಲ್ಲ, ಅವರ ಪುಣ್ಯ. ವಕೀಲರು ಮಾತ್ರ ದಿನಾ ಬಂದು ತಮ್ಮ ಕರಿ ಕೋಟನ್ನು ನೋಡಿ ಹೋಗುತ್ತಾರೆ. ನೀವು ಒಂದು ತೋಳು ಕೂಡಿಸಿ ಇನ್ನೊಂದನ್ನು ಹಾಗೇ ಬಿಟ್ಟಿದ್ದೀರಲ್ಲ. "ಒಂದು ತೋಳಿನ ಕೋಟು ಹಾಕ್ಕೊಂಡು ಅರ್ಧ ವಾದ ಮಾಡ್ಲೇನಮ್ಮ?" ಎಂದು ನಗುತ್ತಾರೆ. ನಾನೂ ನಗುತ್ತೇನೆ. ತೋಳು ಕೂಡಿಸಲು ನನಗೆ ಬಾರದು. ನನ್ನ ಕೈಗೆ ನೀವು ಕೊಟ್ಟದ್ದು ಕಾಜ, ಗುಂಡಿ, ಅಂಚು ಮಡಿಸುವುದು ಇಷ್ಟೇ. "ತೋಳು ಕೂಡ್ಸೋದು ಹೆಂಗಸರ ಕೈಗೆ ಬರಲ್ಲ" ಎನ್ನುತ್ತಿದ್ದಿರಿ. ಕಲಿಸಿ ನೋಡಿದ್ದಿರಾ?

ಈಗ ನೀವು ಎದ್ದು ಹೋದ ಆ ಮಾತಿಗೆ ಬರುತ್ತೇನೆ. ನೀವು ಬಾಗಿಲು ದಾಟಿದ ಮೇಲೆ ನಾನು ಕೇಳಿ ತಿಳಿದುಕೊಂಡದ್ದನ್ನೂ ಬರೆಯುತ್ತೇನೆ. ಇಲ್ಲಿ ಎದ್ದು ಹೋಗುವುದಕ್ಕಾಗುವುದಿಲ್ಲ. ಕಾಗದ ಹರಿಯಬಹುದು, ಅಷ್ಟೇ.

ಮಗಳು ಇನ್ನೂ ತೊಟ್ಟಿಲಲ್ಲಿದ್ದಾಗ ನಿಮಗೆ ಕೂರುವ ಜಾಗದಲ್ಲಿ ಕುರು ಎದ್ದಿತು. ಒಡೆಯಿತು, ಮಾಯಲಿಲ್ಲ. ಡಾಕ್ಟರು ಫಿಸ್ಟುಲಾ ಎಂದರು. ಒಳಗಿನಿಂದ ಚರ್ಮದವರೆಗೆ ಸುರಂಗದಂಥ ದಾರಿಯಾಗಿದೆ, ಕೀವು ಒಳಗೆ ನಿಲ್ಲಬಾರದು ಎಂದು ಆ ದಾರಿಯಲ್ಲಿ ಒಂದು ದಾರ ತೂರಿಸಿ ಹೊರಗೆ ಗಂಟು ಹಾಕಿದರು. ಮೂರು ತಿಂಗಳಿಗೊಮ್ಮೆ ಬಂದು ಬದಲಿಸಿಕೊಳ್ಳಿ, ಬಂದಾಗೆಲ್ಲ ನಾವು ನೋಡಿದ ಹಾಗೂ ಆಗುತ್ತದೆ ಎಂದರು. ನೀವು ಎರಡು ಸಲ ಹೋದಿರಿ. ಮೂರನೆಯ ಸಲ ಅಲ್ಲಿ ನಿಂತಿದ್ದ ನರ್ಸು ನಮ್ಮ ಗಿರಾಕಿಯ ಮಗಳು, ಅವಳ ಶಾಲೆಯ ಯೂನಿಫಾರ್ಮಿಗೆ ಅಳತೆ ತೆಗೆದವರು ನೀವೇ. ಅವತ್ತು ಕಿವಿ ಕೆಂಪಗೆ ಮಾಡಿಕೊಂಡು ಮನೆಗೆ ಬಂದದ್ದು ನನಗೆ ನೆನಪಿದೆ. ಆಮೇಲೂ ಪ್ರತಿ ಮೂರು ತಿಂಗಳಿಗೆ ಸೋಮವಾರ, ಅಂಗಡಿಯ ರಜೆಯ ದಿನ, ಚೀಲ ಹಿಡಿದು ಹೊರಡುತ್ತಿದ್ದಿರಿ, ಮಧ್ಯಾಹ್ನ ಬರುತ್ತಿದ್ದಿರಿ. "ಏನಂದ್ರು?" ಎಂದರೆ, "ಏನಿಲ್ಲ ಕಣೇ, ಹಳೇದೇ" ಎನ್ನುತ್ತಿದ್ದಿರಿ.

ಹೋದ ತಿಂಗಳು ನೋವು ಮಿತಿಮೀರಿ ಇಬ್ಬರೂ ಆಸ್ಪತ್ರೆಗೆ ಹೋದಾಗ ಸರ್ಜನ್ ಪರೀಕ್ಷೆ ಮಾಡಿ, ಕತ್ತರಿಸಿ ತೆಗೆದ ದಾರವನ್ನು ಟ್ರೇಯಲ್ಲಿಟ್ಟು ಹೊರಗೆ ತಂದರು. "ಇದನ್ನ ಯಾರು ಹಾಕಿದ್ದು? ಇದು ಆಸ್ಪತ್ರೆ ದಾರ ಅಲ್ವಲ್ಲ" ಎಂದರು. ನೀವು ಗೋಡೆ ನೋಡಿದಿರಿ. ನಾನು ಟ್ರೇ ನೋಡಿದೆ. ಮೇಣ ಹಚ್ಚಿದ ಕಂದು ದಾರ, ಕೋಟಿನ ಗುಂಡಿ ಹಚ್ಚಲು ನಾವು ಇಡುವ ಉರುಳೆಯದು. ಅದರ ತುದಿಯಲ್ಲಿ ಎರಡು ಸುತ್ತು ಹಾಕಿ ಒಳಗೆ ಮಡಿಸಿದ ಗಂಟು. ಆ ಗಂಟನ್ನು ಹಾಕುವ ಕೈ ಈ ಬೀದಿಯಲ್ಲಿ ಒಂದೇ, ನಿಮ್ಮದು. ಹಳೆಯ ದಾರದ ತುದಿಗೆ ಹೊಸ ದಾರ ಕಟ್ಟಿ ಎಳೆದರೆ ಅದೇ ದಾರಿಯಲ್ಲಿ ಸರ್ರನೆ ಬಂದುಬಿಡುತ್ತದೆ ಎಂದು ಆಸ್ಪತ್ರೆಯಲ್ಲಿ ಎರಡು ಸಲ ನೋಡಿಯೇ ಕಲಿತುಬಿಟ್ಟಿದ್ದಿರಿ. ಬಚ್ಚಲಿನಲ್ಲಿ, ಟ್ರಯಲ್ ರೂಮಿನ ಕೈಗನ್ನಡಿ ಹಿಡಿದು, ಅಷ್ಟು ವರ್ಷ ನಿಮಗೆ ನೀವೇ ಡಾಕ್ಟರಾಗಿದ್ದಿರಿ. ಸರ್ಜನ್ ಬೈಯಲಿಲ್ಲ. ಆಮೇಲೆ, "ಗಂಟು ಚೆನ್ನಾಗಿದೆ" ಎಂದರು. ನಿಮ್ಮ ಮುಖದಲ್ಲಿ ಒಂದು ಗಳಿಗೆ ಹೆಮ್ಮೆ ಬಂದುಹೋದದ್ದನ್ನು ನಾನು ನೋಡಿದೆ. ಅಲ್ಲೇ ಕೆನ್ನೆಗೆ ಬಾರಿಸಬೇಕೆನಿಸಿತು.

ಹಾಗಾದರೆ ಆ ಸೋಮವಾರಗಳಲ್ಲಿ ಎಲ್ಲಿಗೆ ಹೋಗುತ್ತಿದ್ದಿರಿ? ಪಾರ್ಕಿನಲ್ಲಿ ಕಾಲ ಕಳೆಯುತ್ತಿದ್ದಿರಾ, ಕೂರಲೂ ಆಗದೆ, ನಿಂತುಕೊಂಡು? ಇದಕ್ಕೆ ಉತ್ತರ ಬೇಕಿಲ್ಲ.

ಎರಡು ವರ್ಷದ ಹಿಂದೆ ಒಂದು ಕಡೆ ಊದಿಕೊಂಡಾಗ ಸ್ಕ್ಯಾನ್ ಮಾಡಿಸಿದಿರಲ್ಲ, ನನ್ನನ್ನು ಅಂಗಡಿಯಲ್ಲಿ ಬಿಟ್ಟು ಒಬ್ಬರೇ ಹೋಗಿ. ಅದರ ಡಿಸ್ಕನ್ನು ಹುಡುಕಿ ತೆಗೆದುಕೊಂಡು, ನೀವು ಹೋದ ಮೂರನೆಯ ದಿನ, ಸ್ಕ್ಯಾನ್ ಚಿತ್ರ ನೋಡುವ ಡಾಕ್ಟರಮ್ಮನ ಹತ್ತಿರ ಹೋದೆ. ಗಿಡ್ಡಕ್ಕೆ, ಯಾವಾಗಲೂ ಸ್ವೆಟರ್ ಹಾಕಿಕೊಂಡಿರುತ್ತಾರಲ್ಲ, ಅವರೇ. ಆ ಕೋಣೆ ನಿಜಕ್ಕೂ ಕೊರೆಯುತ್ತದೆ, ನಾನೂ ಸೆರಗು ಹೊದ್ದು ಕೂತೆ. ಕಿಟಕಿ ಇಲ್ಲ, ಎರಡು ದೊಡ್ಡ ಪರದೆ, ಒಂದು ತಣ್ಣಗಾದ ಟೀ. ಹೊರಗೆ ಇಷ್ಟು ಜನ ಕಾಯುತ್ತಿದ್ದರೂ ಆಕೆ ಹಳೆಯ ಚಿತ್ರ ಎಡಕ್ಕೆ, ಹೋದ ತಿಂಗಳು ತೆಗೆದ ಹೊಸ ಚಿತ್ರ ಬಲಕ್ಕೆ ಇಟ್ಟು, ನನಗೆ ಅರ್ಥವಾಗುವ ಹಾಗೆ ಬೆರಳಿಟ್ಟು ತೋರಿಸಿದರು.

ಹಳೆಯದರಲ್ಲಿ ಒಂದು ಬಿಳಿ ಗೆರೆ, ಅದು ನಿಮ್ಮ ಸುರಂಗ. ಅದರ ಪಕ್ಕದಲ್ಲಿ ಒಂದು ಬಿಳಿ ಮುದ್ದೆ. ಬರೀ ಚಿತ್ರದಲ್ಲಿ ಕೀವೂ ಬೆಳ್ಳಗೆ ಕಾಣುತ್ತದಂತೆ, ಗೆಡ್ಡೆಯ ಲೋಳೆಯೂ ಬೆಳ್ಳಗೆ ಕಾಣುತ್ತದಂತೆ. ಯಾವುದು ಯಾವುದೆಂದು ತಿಳಿಯಬೇಕಾದರೆ ನರಕ್ಕೆ ಒಂದು ಔಷಧ ಚುಚ್ಚಿ ಮತ್ತೆ ಚಿತ್ರ ತೆಗೆಯಬೇಕು. ಕೀವಾದರೆ ಸುತ್ತಲಿನ ಗೋಡೆ ಮಾತ್ರ ಹೊಳೆಯುತ್ತದೆ, ಒಳಗೆ ಕಪ್ಪಾಗಿಯೇ ಇರುತ್ತದೆ. ಗೆಡ್ಡೆಯಾದರೆ ಒಳಗೂ ಎಳೆ ಎಳೆಯಾಗಿ ಹೊಳೆಯುತ್ತದೆ. ಈ ಸಲದ ಚಿತ್ರದಲ್ಲಿ ಅದು ಹೊಳೆದಿತ್ತು, ಮಕ್ಕಳ ಫ್ರಾಕಿನೊಳಗೆ ಹಾಕುವ ನೆಟ್ ಬಟ್ಟೆಯ ಹಾಗೆ. ನಾನು ಹಾಗೆಂದಾಗ ಡಾಕ್ಟರಮ್ಮ, "ಹೂಂ, ಹಾಗೇ" ಎಂದರು. ಎರಡು ವರ್ಷದ ಹಿಂದಿನದಕ್ಕೆ ಔಷಧ ಚುಚ್ಚಿರಲೇ ಇಲ್ಲ. ರೋಗಿ ಬೇಡವೆಂದರು ಎಂದು ಅದರಲ್ಲೇ ಬರೆದಿದೆ. ಜೀವಮಾನವಿಡೀ ಸೂಜಿ ಹಿಡಿದು ಉಂಡವರು ನೀವು, ಒಂದು ಸೂಜಿಗೆ ಹೆದರಿದಿರಿ. ಬೇರೆಯವರ ಬಟ್ಟೆಗೆ ಚುಚ್ಚುವಾಗ ಇಲ್ಲದ ಹೆದರಿಕೆ!

ಸೂಜಿಯದ್ದು ಹಾಳಾಗಲಿ. "ಎಷ್ಟು ದಿನದಿಂದ ಇದೆ?" ಎಂದು ಅವತ್ತು ಆ ಸ್ಕ್ಯಾನಿನವರು ಕೇಳಿದ್ದಕ್ಕೆ ನೀವು ಹೇಳಿದ್ದೂ ಅಲ್ಲೇ ಬರೆದಿದೆ: "ಆರು ತಿಂಗಳು." ಆರು ತಿಂಗಳು! ಮಗಳಿಗೆ ಆಗಲೇ ಇಪ್ಪತ್ತು ತುಂಬಿತ್ತು. ಅವಳು ಹೊಟ್ಟೆಯಲ್ಲೇ ಇದ್ದಾಳೆ ಎಂದು ಹೇಳಿದ್ದರೂ ಆಗುತ್ತಿತ್ತು. ಅಷ್ಟು ವರ್ಷ ಕೊಳಕನ್ನು ಹೊತ್ತು ತಿರುಗಿದ್ದೇನೆ ಎಂದು ಯಾರೋ ಗುರುತಿಲ್ಲದವನ ಮುಂದೆ ಹೇಳಲು ನಾಚಿಕೆ. ಡಾಕ್ಟರಮ್ಮ ಹೇಳಿದ ಮಾತನ್ನು ಹಾಗೇ ಬರೆಯುತ್ತೇನೆ: "ಹತ್ತು ವರ್ಷ ದಾಟಿದ ಫಿಸ್ಟುಲಾ ಅಂದ್ರೆ ನಾವು ಬೇರೆ ಥರ ನೋಡ್ತೀವಮ್ಮ. ಹಳೇ ಗಾಯದಲ್ಲಿ ಕ್ಯಾನ್ಸರ್ ಹುಟ್ಟೋದು ಅಪರೂಪ, ನಿಜ. ಆದ್ರೆ ನಾವು ಹುಡುಕದೇ ಇದ್ರೆ ಅದು ತಾನಾಗಿ ಎದ್ದು ನಿಂತು ನಾನಿದೀನಿ ಅನ್ನಲ್ಲ." ದಾರದಿಂದ ಬಂತೇ ಎಂದು ಕೇಳಿದೆ. ದಾರದಿಂದಲ್ಲ, ವರ್ಷಗಟ್ಟಲೆ ಆರದ ಗಾಯದಿಂದ ಎಂದರು. ಮೂರು ತಿಂಗಳಿಗೊಮ್ಮೆ ಒಂದು ಜೊತೆ ಕಣ್ಣು ನೋಡಿದ್ದರೆ, ಯಾವುದೋ ಒಂದು ಸಲ ಯಾರಿಗಾದರೂ ಅನುಮಾನ ಬರುತ್ತಿತ್ತು. ತನ್ನ ಬೆನ್ನು ತನಗೆ ಕಾಣದು ಎಂಬ ಗಾದೆ ಸುಮ್ಮನೆ ಆಗಲಿಲ್ಲ. ಕೈಗನ್ನಡಿಯಲ್ಲಿ ಗಂಟು ಕಾಣುತ್ತದೆ, ಒಳಗೆ ಬೆಳೆಯುವುದು ಕಾಣುತ್ತದೆಯೇ?

ಎಲ್ಲವನ್ನೂ ನಿಮ್ಮ ತಲೆಗೇ ಕಟ್ಟುತ್ತಿಲ್ಲ. ಅವತ್ತು ಆ ಚಿತ್ರ ನೋಡಿದ ಮಹಾನುಭಾವ 'ಕೀವಿನ ಗೂಡು' ಎಂದು ಒಂದೇ ಸಾಲು ಬರೆದು ಮುಂದಿನದಕ್ಕೆ ಹೋಗಿದ್ದಾನೆ. ಆಮೇಲೆ ಆ ಊತವನ್ನು ಕೊಯ್ದವನು, ನೀವೇ ಬಂದು ಹೇಳಿದ ಹಾಗೆ, ಒಳಗಿನಿಂದ ಕೀವಿನ ಬದಲು ಗೋಂದಿನಂಥ ಲೋಳೆ ಬಂದರೂ ತಲೆ ಕೆರೆದುಕೊಳ್ಳಲಿಲ್ಲ, ಬಟ್ಟೆಯಲ್ಲಿ ಒರೆಸಿ ಎಸೆದ. ನಾನು ಅದನ್ನು ಹೇಳಿದಾಗ ಡಾಕ್ಟರಮ್ಮ ತಮ್ಮವರನ್ನು ಬಿಟ್ಟುಕೊಡಲೂ ಇಲ್ಲ, ಸಮರ್ಥಿಸಲೂ ಇಲ್ಲ, ಡಿಸ್ಕನ್ನು ತೆಗೆದು ನನ್ನ ಕೈಗಿಟ್ಟರು. ನಿಮ್ಮ ಸುಳ್ಳು ಅರ್ಧ, ಅವರ ಆತುರ ಅರ್ಧ. ಎರಡೂ ಸೇರಿ ನನ್ನ ಮನೆಗೆ ಬಂದವು.

ಈ ಸಲವೂ ನೀವು ಸುಳ್ಳೇ ಹೇಳಲು ಹೊರಟಿದ್ದಿರಿ. "ಒಂದು ವರ್ಷ ಇರಬಹುದು" ಎಂದು ಬಾಯಿ ತೆರೆದಿರಿ, ನಾನು ಮಧ್ಯೆ ಬಾಯಿ ಹಾಕಿ ಇಪ್ಪತ್ತೆರಡು ಎಂದೆ. ಡಾಕ್ಟರಮ್ಮ ಬರೆಯುತ್ತಿದ್ದ ಪೆನ್ನನ್ನು ಕೆಳಗಿಟ್ಟರು, ನೆನಪಿದೆಯೇ? ಆಮೇಲೆಯೇ ಔಷಧ ಚುಚ್ಚಿದ್ದು, ಆಮೇಲೆಯೇ ಆ ನೆಟ್ ಕಂಡದ್ದು. ಚಿತ್ರದಲ್ಲಿ ಹೊಳೆದ ಜಾಗಕ್ಕೇ ಗುರಿ ಇಟ್ಟು ಆಳದಿಂದ ಚೂರು ತೆಗೆದರು. ಮೇಲುಮೇಲಿನ ಚೂರಿನಲ್ಲಿ ಏನೂ ಸಿಗುವುದಿಲ್ಲವಂತೆ. ಮನೆಗೆ ಬರುತ್ತಾ ದಾರಿಯುದ್ದಕ್ಕೂ ನೀವು ನನ್ನ ಹತ್ತಿರ ಮಾತಾಡಲಿಲ್ಲ, ನಾನು ನಿಮ್ಮ ಮಾನ ಕಳೆದೆನೆಂದು. ಮಾನ! ಅದೇನು ಮಾನವೋ, ಜೀವಕ್ಕಿಂತ ತೂಕದ್ದು.

ಆಮೇಲಿನದು ನಿಮಗೆ ಗೊತ್ತು. ಸರ್ಜನ್ ಕಡ್ಡಿ ಮುರಿದ ಹಾಗೆ ಹೇಳಿದರು. ಆ ಭಾಗವನ್ನೆಲ್ಲ ತೆಗೆಯಬೇಕು, ಮಲ ಹೋಗುವ ದಾರಿಯನ್ನು ಹೊಟ್ಟೆಯ ಮೇಲೆ ಮಾಡಿ ಅಲ್ಲಿ ಚೀಲ ಅಂಟಿಸಬೇಕು, ಅದು ಕೊನೆಯವರೆಗೂ ಇರುತ್ತದೆ. ಬೇರೆ ಕಡೆ ಹೋಗಿಲ್ಲವೆಂದು ನೋಡಿಕೊಂಡು ಇದೇ ಇಪ್ಪತ್ತನೇ ತಾರೀಖು ಸೋಮವಾರ ಆಪರೇಷನ್ ಎಂದರು. ಇಡೀ ಮೈಯ ಸ್ಕ್ಯಾನಿಗೆ ನೀವು ಸುಮ್ಮನೆ ಬಂದಿರಿ, ಸುಮ್ಮನೆ ಮಲಗಿದಿರಿ. ನಾನು, ಸದ್ಯ, ಬುದ್ಧಿ ಬಂತು ಎಂದುಕೊಂಡೆ. ಹೊರಗೆ ಬಂದು ಅಂಗಿಯ ಗುಂಡಿ ಹಾಕಿಕೊಳ್ಳುತ್ತಾ, "ವಕೀಲರ ಕೋಟಿಗೆ ಗುಂಡಿ ತರ್ತೀನಿ, ನೀನು ಹೋಗಿರು" ಎಂದಿರಿ. ಗುಂಡಿ ತರಲು ನಿಮ್ಮ ಅಕ್ಕನ ಊರಿನವರೆಗೆ ಹೋದಿರಿ.

ಹೋಗುವ ಹಿಂದಿನ ಸಂಜೆ ಮಗಳ ಹತ್ತಿರ ಆಡಿದ ಮಾತು ನೆನಪಿದೆಯೇ? "ಒಪ್ಕೊಳಪ್ಪಾ, ಚೀಲ ನಾನು ಬದಲಾಯಿಸ್ತೀನಿ, ಕಲ್ತುಕೊಂಡಿದೀನಿ" ಎಂದು ಅವಳು ಅಂಗಲಾಚಿದಳು. "ನನ್ನ ಹೊಲಸು ನನ್ನ ಮಗಳು ಬಾಚೋ ದಿನ ಬಂದ್ರೆ ಅವತ್ತೇ ನಾನು ಸತ್ತೆ ಅಂದ್ಕೋ" ಎಂದು ತಟ್ಟೆ ತಳ್ಳಿ ಎದ್ದಿರಿ. ಅವಳು ಇದುವರೆಗೂ ನೆಟ್ಟಗೆ ಊಟ ಮಾಡಿಲ್ಲ. ತಾನು ಬಾಯಿ ಬಿಟ್ಟದ್ದಕ್ಕೇ ಅಪ್ಪ ಹೋದರು ಎಂದುಕೊಂಡಿದ್ದಾಳೆ. ಅಲ್ಲ ಎಂದು ನಾನು ಹೇಳಿದರೆ ಕೇಳುವುದಿಲ್ಲ. ಹಟ ಯಾರದ್ದು, ನಿಮ್ಮದೇ ರಕ್ತ.

ಚೀಲ ಚೀಲ ಎಂದು ಹೆದರುತ್ತೀರಲ್ಲ, ನಾನು ಅದನ್ನು ಕಣ್ಣಾರೆ ನೋಡಿ ಬಂದೆ. ಆಸ್ಪತ್ರೆಯ ನರ್ಸು ಒಬ್ಬ ಬಸ್ ಕಂಡಕ್ಟರರನ್ನು ಭೇಟಿ ಮಾಡಿಸಿದರು. ಆರು ವರ್ಷದಿಂದ ಅವರ ಹೊಟ್ಟೆಯ ಮೇಲೆ ಚೀಲವಿದೆ. ದಿನವಿಡೀ ಆ ನೂಕುನುಗ್ಗಲಿನಲ್ಲಿ ನಿಂತು ಟಿಕೆಟ್ ಹರಿಯುತ್ತಾರೆ. ಹೆಂಡತಿಯ ಎದುರಿಗೇ ಅಂಗಿ ಎತ್ತಿ ತೋರಿಸಿದರು, ಒಂದಿಷ್ಟೂ ಸಂಕೋಚವಿಲ್ಲದೆ. ವಾಸನೆಯಿಲ್ಲ, ಏನಿಲ್ಲ. "ಬಟ್ಟೆಯೊಳಗೆ ಏನಿದೆ ಅಂತ ಯಾರಿಗಮ್ಮ ಗೊತ್ತಾಗುತ್ತೆ, ಟೇಲರ್ ಒಬ್ಬನ್ನ ಬಿಟ್ಟು!" ಎಂದು ನಕ್ಕರು. ನಿಮ್ಮ ಕಸುಬು ಅವರಿಗೆ ಗೊತ್ತಿರಲಿಲ್ಲ. ನನಗೆ ನಗುವೂ ಬಂತು, ಅಳುವೂ ಬಂತು. ಸೊಂಟಪಟ್ಟಿಯೇ ದೊಡ್ಡ ತಾಪತ್ರಯ, ಸರಿಯಾಗಿ ಚೀಲದ ಮೇಲೆಯೇ ಒತ್ತುತ್ತದೆ ಎಂದರು. ಮನೆಗೆ ಬಂದು ನಿಮ್ಮ ಬೂದು ಪ್ಯಾಂಟನ್ನು ಬಿಚ್ಚಿ, ಸೊಂಟವನ್ನು ಎರಡು ಇಂಚು ಮೇಲಕ್ಕೆ ಏರಿಸಿ, ಒಳಗೆ ಮೆತ್ತನೆಯ ಹತ್ತಿಯ ಜೇಬು ಕೊಟ್ಟು ಹೊಲಿದಿದ್ದೇನೆ. ಹೊಲಿಗೆ ಅಲ್ಲಲ್ಲಿ ಸೊಟ್ಟಗಿದೆ. ಬಂದು ಬೈಯಿರಿ.

ಒಂದು ಮಾತು ಉಳಿದಿದೆ. ಮಗಳು ಓದಬಾರದು ಎಂದದ್ದು ಇದನ್ನೇ. ಅಷ್ಟು ವರ್ಷದಿಂದ ನೀವು ಗೋಡೆಯ ಕಡೆ ಮುಖ ಮಾಡಿ ಬೇರೆ ಹಾಸಿಗೆಯಲ್ಲಿ ಮಲಗಿದಿರಿ. ಬೆನ್ನುನೋವು ಎಂದಿರಿ, ಸೆಖೆ ಎಂದಿರಿ. ನಿಮಗೆ ನಾನು ಬೇಡವಾದೆ ಎಂದೇ ತಿಳಿದು ಆ ವಯಸ್ಸನ್ನೆಲ್ಲ ಕಳೆದೆ. ಯಾರ ಹತ್ತಿರವೂ ಹೇಳಲಿಲ್ಲ. ಇಂಥದ್ದನ್ನು ಯಾರ ಹತ್ತಿರ ಹೇಳುವುದು? ಈಗ ಗೊತ್ತಾಯಿತು, ಬಟ್ಟೆಗೆ ಕಲೆಯಾದೀತು, ನಾನು ಮೂಗು ಮುಚ್ಚಿಕೊಂಡೇನು ಎಂಬ ಭಯ. ನಿಮ್ಮ ಮಗಳನ್ನು ಹೆತ್ತವಳು ನಾನು, ನಿಮ್ಮ ಅಮ್ಮನ ಕೊನೆಯ ದಿನಗಳಲ್ಲಿ ಅವರನ್ನು ತೊಳೆದವಳು ನಾನು. ನನ್ನ ಮುಂದೆ ನಿಮಗೆ ನಾಚಿಕೆಯೇ? ಆ ಕನ್ನಡಿಯನ್ನು ನನ್ನ ಕೈಗೆ ಕೊಟ್ಟಿದ್ದರೆ ನಾನು ಹಿಡಿಯುತ್ತಿರಲಿಲ್ಲವೇ? ಕ್ಯಾನ್ಸರಿಗಿಂತ ನನಗೆ ಸಿಟ್ಟು ಇದರ ಮೇಲೆ. ಕ್ಷಮಿಸುತ್ತೇನೋ ಇಲ್ಲವೋ ಗೊತ್ತಿಲ್ಲ. ನೀವು ಎದುರಿಗಿದ್ದರೆ ಯೋಚಿಸಬಹುದು.

ಇಡೀ ಮೈಯ ಸ್ಕ್ಯಾನಿನ ಫಲಿತಾಂಶ ಇನ್ನೂ ಬಂದಿಲ್ಲ. ಡಾಕ್ಟರುಗಳೆಲ್ಲ ಇವತ್ತು ಒಟ್ಟಿಗೆ ಕೂತು ನೋಡಿ ತಿಳಿಸುತ್ತಾರಂತೆ. ಅಕ್ಕನಿಗೆ ನಮಸ್ಕಾರ ಹೇಳಿ, ಮಂಡಿನೋವಿಗೆ ಬಿಸಿನೀರಿನ ಶಾಖ ಬಿಡಬಾರದೆನ್ನಿ. ಮಗಳು ನಿಮ್ಮ ರಬ್ಬರ್ ಉಂಗುರವನ್ನೂ ಮಾತ್ರೆಗಳನ್ನೂ ತರುತ್ತಾಳೆ. ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತು ಬನ್ನಿ, ಮಧ್ಯೆ ಒಮ್ಮೆ ಇಳಿದು ಕಾಲಾಡಿಸಿ. ಒಳ್ಳೆಯದಾಗಲಿ ಎಂದು ದಿನಾ ಬೇಡಿಕೊಳ್ಳುತ್ತಿದ್ದೇನೆ, ಬೈದುಕೊಂಡೇ.

ಇತಿ,
ನಿಮ್ಮ ಕಾಜ ಹೊಲಿಯುವವಳು

ತಾ.ಕ.: ಅಂಟು ಹಚ್ಚುವ ಹೊತ್ತಿಗೆ ಡಾಕ್ಟರಮ್ಮನೇ ಫೋನ್ ಮಾಡಿದರು. ಲಿವರಿನಲ್ಲೂ ಶ್ವಾಸಕೋಶದಲ್ಲೂ ಚುಕ್ಕೆಗಳಿವೆಯಂತೆ. ನೀವು ಹೋದದ್ದರಿಂದ ಅಲ್ಲ, ಸ್ಕ್ಯಾನಿನ ಮೇಜಿನ ಮೇಲೆ ಮಲಗಿದ ದಿನವೇ ಇದ್ದವಂತೆ. ಆಪರೇಷನ್ ಇಲ್ಲ. ಅದನ್ನು ಮಾಡಿ ಪ್ರಯೋಜನವಿಲ್ಲವಂತೆ. ಡ್ರಿಪ್ಪಿನಲ್ಲಿ ಔಷಧ ಕೊಡುತ್ತಾರೆ, ಅದು ವಾಸಿ ಮಾಡುವುದಕ್ಕಲ್ಲ, ಸ್ವಲ್ಪ ಕಾಲ ತಡೆದು ನಿಲ್ಲಿಸುವುದಕ್ಕೆ. ಚೀಲ ಬೇಡವೆಂದಿರಿ, ಚೀಲ ಇಲ್ಲ. ಮಗಳು ಈಗ ಬಂದು ಬ್ಯಾಗು ತುಂಬುತ್ತಿದ್ದಾಳೆ, ಅವಳಿಗೆ ಹೇಳಿಲ್ಲ, ನೀವಿಬ್ಬರೂ ಮನೆಗೆ ಬಂದ ಮೇಲೆ ನಾನೇ ಹೇಳುತ್ತೇನೆ. ಬಸ್ಸಿನಲ್ಲಿ ಅವಳು ಮತ್ತೆ ಆಪರೇಷನ್ನಿನ ಮಾತೆತ್ತಿ, ಚೀಲಕ್ಕೆ ಒಪ್ಪಿಕೋ ಅಪ್ಪಾ ಎಂದು ನಿಮ್ಮ ಕೈ ಹಿಡಿಯುತ್ತಾಳೆ. ಒಪ್ಪಿಕೊಳ್ಳಿ.